ತಗ್ಗುಕೇರಿಯ ನೀರಿನ ಅರ್ಜಿ

ಹ್ಯಾಲ್ಬರ್ಟನ್, ವರ್ಜೀನಿಯಾ
ಜುಲೈ 9, 1872

ಅಕ್ಕಾ ಕೆಜಾಯಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತುಕೋ. ನಿನ್ನ ತಮ್ಮ, ಪೀಪಾಯಿ ಕಟ್ಟುವ ಜೋಸೀಫಸ್ ಟಾರ್ಪ್ಲಿ, ಈಗ ಈ ಊರಿನ ನಗರಸಭೆಯ ಸದಸ್ಯ. ಮೇ ತಿಂಗಳ ಚುನಾವಣೆಯಲ್ಲಿ ಮೂರನೇ ವಾರ್ಡಿನ ನಮ್ಮ ಜನ ಬೆಳಗಿನ ಆರಕ್ಕೇ ಸಾಲುಗಟ್ಟಿ ನಿಂತು ನನ್ನನ್ನು ಗೆಲ್ಲಿಸಿದರು. ಆಗಲೇ ಬರೆಯಬಹುದಿತ್ತು. ಆದರೆ ಪ್ರಮಾಣ ಮಾಡಿಸುವವರೆಗೂ ನನಗೇ ನಂಬಿಕೆ ಇರಲಿಲ್ಲ. ಯಾವುದೋ ಒಂದು ಕಾಗದ ಸರಿಯಿಲ್ಲ ಅಂತ ಬಾಗಿಲಿಂದಲೇ ವಾಪಸ್ ಕಳಿಸುತ್ತಾರೆ ಅಂದುಕೊಂಡಿದ್ದೆ. ಕಳಿಸಲಿಲ್ಲ. ನಿನ್ನೆ ಮೊದಲ ಸಭೆಯೂ ಆಯಿತು. ಒಂಬತ್ತು ವಾರ್ಡಿಗೆ ಒಂಬತ್ತು ಜನ, ಎಂಟು ಬಿಳಿಯರು, ಒಬ್ಬ ನಾನು.

ಯುದ್ಧ ಮುಗಿದು ನಮ್ಮ ಗುಲಾಮಗಿರಿ ಕಳೆದ ಮೇಲೆ 'ಜೋಸೀಫಸ್ ಎಂಬ ನನ್ನ ತಮ್ಮ ಬದುಕಿದ್ದಾನೆಯೇ' ಅಂತ ಪತ್ರಿಕೆಗಳಲ್ಲಿ ಹಾಕಿಸಿ ನನ್ನನ್ನು ಹುಡುಕಿದವಳು ನೀನು. ಅದಕ್ಕೇ ಈ ಸುದ್ದಿಯ ಮೊದಲ ಕಾಗದ ನಿನಗೆ. ನಿನ್ನ ಮುತ್ತಿನಂಥ ಅಕ್ಷರದ ಮುಂದೆ ನನ್ನದು ಕೋಳಿ ಕೆದಕಿದ ಹಾಗಿದೆ, ಸಹಿಸಿಕೋ.

ಗುಮಾಸ್ತರ ಹೆಸರು ವಿಂಗೇಟ್. ನೀನು ಉತ್ತರಕ್ಕೆ ತಪ್ಪಿಸಿಕೊಂಡು ಹೋದ ಮೇಲೆ ಈ ಊರಿಗೆ ಬಂದವರು. ಹನ್ನೆರಡು ವರ್ಷದಿಂದ ಬೀದಿಯಲ್ಲಿ ಸಿಕ್ಕಾಗಲೆಲ್ಲ ನನಗೆ 'ಏ ಜೋ' ಅನ್ನುವವರು. ನಿನ್ನೆ ಹಾಜರಿ ಪುಸ್ತಕ ತೆಗೆದು, "ಮೂರನೇ ವಾರ್ಡು, ಮಿಸ್ಟರ್..." ಅಂದು ನಿಂತರು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ ಮುಖ ಮಾಡಿ, "ಮಿಸ್ಟರ್ ಟಾರ್ಪ್ಲಿ?" ಅಂತ ಮುಗಿಸಿದರು. "ಇದ್ದೇನೆ" ಅಂದೆ. ಸುತ್ತಿಗೆ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು ನನ್ನದು. ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು.

ನಿನ್ನೆಯ ಕೆಲಸ ಇಷ್ಟು: ಮಾರುಕಟ್ಟೆ ಗಂಟೆಯ ಹಗ್ಗ ಹರಿದಿದೆ, ಹೊಸದು ಬೇಕು. ಒಬ್ಬ ವಿಧವೆ ತನ್ನ ಮೂಲೆಗೆ ಬೀದಿ ದೀಪ ಕೇಳಿದ್ದಾಳೆ. ಕೆಸರಿನ ಬೀದಿಗೆ ಹಲಗೆ ಹಾಸಬೇಕೋ, ಕಲ್ಲು ಹಾಸಬೇಕೋ. ಇನ್ನು ಹಂದಿಗಳು. ಊರ ತುಂಬ ಅಲೆಯುವ ಹಂದಿಗಳನ್ನು ಏನು ಮಾಡಬೇಕು ಅನ್ನುವುದಕ್ಕೇ ಒಂದೂವರೆ ಗಂಟೆ ಹೋಯಿತು. ಕೊನೆಗೆ ನನ್ನನ್ನು ಹಂದಿ ಮತ್ತು ಬೇಲಿ ಸಮಿತಿಗೆ ಹಾಕಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಲೆಟಿ, "ಹಂದಿ ಆದರೇನು, ಸಮಿತಿ ತಾನೆ?" ಅಂದಳು.

ನಿನ್ನ ತಮ್ಮ,
ಜೋಸೀಫಸ್


ಕ್ಲೀವ್‌ಲ್ಯಾಂಡ್, ಒಹಾಯೊ
ಜುಲೈ 28, 1872

ಪ್ರಿಯ ಸಹೋದರ,

ನಿನ್ನ ಪತ್ರವು ನಮ್ಮ ಚರ್ಚಿನಲ್ಲಿ ಸಮಸ್ತ ಸಭಿಕರ ಸಮ್ಮುಖದಲ್ಲಿ ಓದಲ್ಪಟ್ಟಿತು. ಅನೇಕರ ಕಣ್ಣುಗಳು ತುಂಬಿ ಬಂದವು. ಶತಮಾನಗಳ ಅಂಧಕಾರದ ಬಳಿಕ ನಮ್ಮ ಜನಾಂಗದ ಪುತ್ರನೊಬ್ಬನು ಅಧಿಕಾರಪೀಠವನ್ನು ಅಲಂಕರಿಸಿರುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಸಹೋದರ, ಹಂದಿಗಳೇ? ಇಂಥ ಪವಿತ್ರ ಅವಕಾಶವನ್ನು ಹಂದಿ, ಬೇಲಿ ಮತ್ತು ಗಂಟೆಯ ಹಗ್ಗಗಳ ವಿಚಾರದಲ್ಲಿ ವ್ಯಯಿಸುವುದು ನಿನ್ನ ಘನತೆಗೆ ಕುಂದಲ್ಲವೇ? ಮತದಾನದ ಹಕ್ಕು, ವಿದ್ಯಾಭ್ಯಾಸ, ನ್ಯಾಯ, ಇವು ನಿನ್ನ ನಾಲಿಗೆಯ ಮೇಲೆ ಮೊಳಗಬೇಕಾದ ವಿಷಯಗಳು. ನಗುವವರೊಂದಿಗೆ ನೀನೂ ನಕ್ಕದ್ದು ನಮಗೆ ನೋವು ತಂದಿದೆ. ನಿನ್ನ ಮುಂದಿನ ಪತ್ರದಲ್ಲಿ ನಿನ್ನ ಪ್ರಥಮ ಮಹಾಭಾಷಣದ ಪೂರ್ಣ ಪಾಠವನ್ನು ನಿರೀಕ್ಷಿಸುತ್ತೇವೆ.

ಲೆಟಿ ಕಳಿಸಿದ ಒಣ ಸೇಬು ತಲುಪಿತು. ಚೆನ್ನಾಗಿತ್ತು ಅಂತ ಹೇಳು.

ನಿನ್ನ ಸಹೋದರಿ,
ಕೆಜಾಯಾ


ಹ್ಯಾಲ್ಬರ್ಟನ್
ಸೆಪ್ಟೆಂಬರ್ 17, 1872

ಅಕ್ಕಾ,

ನಿನ್ನ ಕಾಗದ ಬಂದು ಆರು ವಾರ ಮೇಲಾಯಿತು. ಉತ್ತರ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಎದ್ದೆ. ನಿಜ ಹೇಳುತ್ತೇನೆ, ನಿನ್ನ ಮಾತು ನೆಟ್ಟಗೆ ಎದೆಗೆ ತಗುಲಿತು. ಚಿಕ್ಕವನಿದ್ದಾಗ ನನ್ನ ಮೂಗು ಒರೆಸಿದ ಅಕ್ಕ ಈಗ 'ಘನತೆ', 'ಪೀಠ' ಅಂತ ಬರೆಯುವಾಗ ನನಗೆ ನನ್ನ ಕೈಯ ಜಡ್ಡುಗಳೇ ಕಾಣುತ್ತವೆ.

ಮಹಾಭಾಷಣ ನಾನು ಮಾಡಿಲ್ಲ. ಒಂದು ಅರ್ಜಿ ಕೊಟ್ಟಿದ್ದೇನೆ, ಅಷ್ಟೆ.

ನಿನಗೆ ನಮ್ಮ ತಗ್ಗುಕೇರಿ ಗೊತ್ತು. ನೀನು ಇದ್ದಾಗ ಅಲ್ಲಿ ಹತ್ತು ಗುಡಿಸಲಿತ್ತು. ಈಗ ಇನ್ನೂರು ಮನೆ. ಅಷ್ಟಕ್ಕೂ ಒಂದೇ ಬಾವಿ, ಅದೂ ಚರ್ಮ ಹದಮಾಡುವ ಕಾರ್ಖಾನೆಯ ಕೆಳಗೆ. ನೀರು ಸೇದಿದರೆ ಮೇಲೆ ಬಣ್ಣ ತೇಲುತ್ತದೆ. ಈ ಬೇಸಿಗೆ ವಿಷಮ ಜ್ವರಕ್ಕೆ ತಗ್ಗುಕೇರಿಯೊಂದರಲ್ಲೇ ಹದಿನೇಳು ಜನ ಹೋದರು. ಮೇಲಿನ ವಾರ್ಡುಗಳಲ್ಲಿ ಬೀದಿಗೊಂದು ಕೈಪಂಪು ಇದೆ, ಕುದುರೆ ಕುಡಿಯಲಿಕ್ಕೂ ಬೇರೆ ತೊಟ್ಟಿ ಇದೆ. ಹಾಗಾಗಿ ಕೇರಿಯ ಮೇಲ್ಗಡೆ ಹೊಸ ಆಳದ ಬಾವಿ ತೋಡಿಸಿ, ಅದಕ್ಕೊಂದು ಪಂಪು ಹಾಕಿಸಿ ಅಂತ ಆಗಸ್ಟ್ ಐದಕ್ಕೆ ಅರ್ಜಿ ಕೊಟ್ಟೆ. ನೂರ ನಲವತ್ತು ಜನ ಸಹಿ ಹಾಕಿದ್ದರು. ಹೆಚ್ಚಿನವು ಗೀಟಿನ ಗುರುತುಗಳೇ.

ಅಧ್ಯಕ್ಷ ಕಿಟ್ರೆಜ್, ತಂಬಾಕಿನ ದೊಡ್ಡ ವ್ಯಾಪಾರಿ, ಬಹಳ ಮರ್ಯಾದೆಯಿಂದ ಅರ್ಜಿ ತೆಗೆದುಕೊಂಡು ಬಾವಿ ಸಮಿತಿಗೆ ಕಳಿಸಿದರು. ಸಮಿತಿಗೆ ಕಳಿಸುವುದು ಅಂದರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು. ಅದು ಹೂಳುವುದಕ್ಕೆ ಅವರು ಇಟ್ಟ ಹೆಸರು.

ನಾನು ಹದಿನೈದು ದಿನಕ್ಕೊಮ್ಮೆ ಎದ್ದು ನಿಂತು ಒಂದೇ ಮಾತು ಕೇಳುತ್ತೇನೆ: "ತಗ್ಗುಕೇರಿಯ ಅರ್ಜಿ ಎಲ್ಲಿಗೆ ಬಂತು, ಸ್ವಾಮಿ?"

"ಸಮಿತಿಯ ಪರಿಶೀಲನೆಯಲ್ಲಿದೆ, ಮಿಸ್ಟರ್ ಟಾರ್ಪ್ಲಿ."

ನಿನ್ನೆ ನಾನು ಎದ್ದು ಬಾಯಿ ತೆರೆಯುವ ಮೊದಲೇ ಯಾರೋ ಹಿಂದಿನಿಂದ, "ಎದ್ರು ನೋಡ್ರಪ್ಪಾ, ಬಾವಿ ಎದ್ದು ಬಂತು!" ಅಂದ. ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನಕ್ಕಿದ್ದು ಮುಗಿಯುವವರೆಗೆ ನಿಂತೇ ಇದ್ದೆ, ಆಮೇಲೆ ಕೇಳಿದೆ.

ವಿಂಗೇಟ್ ಹತ್ತಿರ ನಿಯಮಗಳ ಪುಸ್ತಕ ಕೇಳಿ ತಂದಿದ್ದೇನೆ. ನಲವತ್ತೆರಡು ನಿಯಮ. ಊಟದ ಮೇಜಿನ ಮೇಲೆ ಇಟ್ಟುಕೊಂಡು ಬೆರಳು ಹಿಡಿದು ಓದುತ್ತೇನೆ, ಲೆಟಿ ಮುಂದೆ ಗಟ್ಟಿಯಾಗಿ ಒಪ್ಪಿಸುತ್ತೇನೆ. ಹದಿನೆಂಟು ಬಾಯಿಪಾಠ ಆಗಿದೆ. ಇದರಲ್ಲಿ ಘನತೆ ಎಷ್ಟಿದೆಯೋ ನನಗೆ ಗೊತ್ತಿಲ್ಲ.

ನಾವೆಲ್ಲ ಕ್ಷೇಮ.

ಜೋಸೀಫಸ್


ಕ್ಲೀವ್‌ಲ್ಯಾಂಡ್
ಅಕ್ಟೋಬರ್ 13, 1872

ಪ್ರಿಯ ಸಹೋದರ,

ನಿನ್ನ ಪತ್ರದ ಧಾಟಿಯಲ್ಲಿ ಕಹಿಯನ್ನು ಕಂಡು ಖೇದವಾಯಿತು. ನಿನ್ನನ್ನು ನೋಯಿಸುವುದು ನಮ್ಮ ಉದ್ದೇಶವಾಗಿರಲಿಲ್ಲ. ಆದಾಗ್ಯೂ, ಸತ್ಯವನ್ನು ಹೇಳದೆ ಇರಲಾಗದು. ಪರಿಹಾಸ್ಯಕ್ಕೆ ಗುರಿಯಾಗಿ ಒಂದೇ ವಾಕ್ಯವನ್ನು ಪುನರುಚ್ಚರಿಸುವುದು ನಾಯಕತ್ವವಲ್ಲ. ಅಂಥ ಸಭೆಯಿಂದ ಹೊರನಡೆದು, ನಿನ್ನ ಪ್ರತಿಭಟನೆಯನ್ನು ರಾಷ್ಟ್ರದ ಪತ್ರಿಕೆಗಳಲ್ಲಿ ಘೋಷಿಸುವುದು ಶ್ರೇಯಸ್ಕರವೆಂದು ಭಾವಿಸುತ್ತೇವೆ.

ಲೆಟಿ ಯಾಕೆ ಈ ಸಲ ಕೊನೆಗೆ ಏನೂ ಸೇರಿಸಿಲ್ಲ? ಯಾವಾಗಲೂ ಎರಡು ಸಾಲು ಹೇಳಿ ಬರೆಸುತ್ತಿದ್ದಳು.

ನಿನ್ನ ಸಹೋದರಿ,
ಕೆಜಾಯಾ


ಹ್ಯಾಲ್ಬರ್ಟನ್
ಜನವರಿ 8, 1873

ಅಕ್ಕಾ,

ಹೊರನಡೆಯಲಿಲ್ಲ. ಕೂತೇ ಇದ್ದೆ. ಕೂತು ಗೆದ್ದೆ. ಬೇಕಾದರೆ ಈ ಕಾಗದವನ್ನು ಚರ್ಚಿನಲ್ಲಿ ಓದಿಸು, ಬೇಡವಾದರೆ ಒಲೆಗೆ ಹಾಕು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ಹಂದಿಗಳ ವಿಷಯವನ್ನೇ ಹೇಳಬೇಕು. ಊರೊಳಗೆ ಒಂದು ಹಂದಿಯೂ ಇರಕೂಡದು ಅಂತ ಕಿಟ್ರೆಜ್ ಕಡೆಯವರು ಒಂದು ಕಾಯಿದೆಯ ಕರಡು ತಂದಿದ್ದರು. ಏಳನೇ ವಾರ್ಡಿನ ಸದಸ್ಯ ಮಲ್ಹರ್ನ್ ಕಮ್ಮಾರ, ಐರಿಷ್ ಮನುಷ್ಯ, ಕೆಂಪು ಕುತ್ತಿಗೆ, ದೊಡ್ಡ ಬಾಯಿ. ಅವನು ಮೇಜು ಗುದ್ದಿ, "ನನ್ನ ವಾರ್ಡಿನ ಹೆಂಗಸರು ಚಳಿಗಾಲಕ್ಕೆ ಏನು ತಿನ್ನಬೇಕ್ರೀ? ನಿಮ್ಮ ಕರಡನ್ನ ಉಪ್ಪು ಹಾಕಿ ತಿನ್ನಬೇಕಾ?" ಅಂದ. ಜಗಳ ಹತ್ತಿತು. ಎಂದಿನಂತೆ ಸಮಿತಿಗೆ ಕಳಿಸಿದರು. ಸಮಿತಿ ಅಂದರೆ ಮೂರು ಜನ. ಇಬ್ಬರು ಒಂದು ದಿನವೂ ಬರಲಿಲ್ಲ. ಉಳಿದವನು ನಾನು.

ಅಕ್ಕಾ, ನಾನು ಒಂಬತ್ತು ವಾರ್ಡುಗಳನ್ನೂ ನಡೆದೆ. ಯಾರ ಮನೆಯಲ್ಲಿ ಹಂದಿ ಇದೆ, ಕಟ್ಟಿದ್ದಾರೋ ಬಿಟ್ಟಿದ್ದಾರೋ, ಎಲ್ಲ ನೋಡಿ ಬರೆದುಕೊಂಡೆ. ಏಳನೇ ವಾರ್ಡಿನ ಹೆಂಗಸರು ಮೊದಲು ಪೊರಕೆ ತೋರಿಸಿದರು, ಆಮೇಲೆ ಕಾಫಿ ಕೊಟ್ಟರು. ಬೀದಿ ಹಾಳುಮಾಡುತ್ತಿದ್ದ ಹಂದಿಗಳಲ್ಲಿ ಅರ್ಧಕ್ಕರ್ಧ ಮೇಲಿನ ವಾರ್ಡಿನ ದೊಡ್ಡವರವೇ ಅಂತ ತಿಳಿದದ್ದು ಹಾಗೆ! ವರದಿಯಲ್ಲಿ ಬರೆದೆ: ಗೂಡು ಕಟ್ಟಿ, ಬೇಲಿ ಹಾಕಿ ಸಾಕುವವರು ಸಾಕಲಿ. ಬೀದಿಯಲ್ಲಿ ಸಿಕ್ಕಿದ್ದು ನಗರಸಭೆಯ ದೊಡ್ಡಿಗೆ, ಕೊಂಡವಾಡಕ್ಕೆ ಹೋಗಲಿ, ಯಾರದೇ ಆಗಲಿ. ಡಿಸೆಂಬರಿನಲ್ಲಿ ಅದು ಪಾಸಾಯಿತು. ಮೆಟ್ಟಿಲಿಳಿಯುವಾಗ ಮಲ್ಹರ್ನ್ ನನ್ನ ಬೆನ್ನಿಗೆ ಒಂದು ಏಟು ಹಾಕಿ, "ನನ್ನ ಹೆಂಡತಿ ನಿಂಗೆ ಹ್ಯಾಮ್ ಕಳಿಸ್ತಾಳಂತೆ ಕಣೋ ಟಾರ್ಪ್ಲಿ. ನಂಗೇ ಒಂದು ತುಂಡು ಹಾಕಲ್ಲ ಅವಳು," ಅಂದ.

ಈಗ ಮೊನ್ನೆ ಸೋಮವಾರದ್ದು. ನಾನು ಎದ್ದೆ. ಎಲ್ಲರೂ ಎಂದಿನ ಮಾತಿಗೆ ಕಾದಿದ್ದರು. ನಾನು ಹೇಳಿದ್ದು ಬೇರೆ. "ಸ್ವಾಮಿ, ಮೂವತ್ತೊಂದನೇ ನಿಯಮದ ಪ್ರಕಾರ ತಗ್ಗುಕೇರಿಯ ಅರ್ಜಿಯನ್ನ ಸಮಿತಿಯಿಂದ ವಾಪಸ್ ಸಭೆಗೆ ತರಬೇಕು ಅಂತ ಸೂಚನೆ ಮಂಡಿಸ್ತೀನಿ."

ಕಿಟ್ರೆಜ್ ಕನ್ನಡಕ ತೆಗೆದರು. "ಅಂಥ ನಿಯಮ ಇದೆಯೇನ್ರೀ?"

ವಿಂಗೇಟ್ ಪುಸ್ತಕ ತೆಗೆದರು. ಆ ಮನುಷ್ಯನಿಗೆ ನನ್ನ ಮೇಲೆ ಪ್ರೀತಿ ಇಲ್ಲ, ಅಕ್ಕಾ. ಆದರೆ ಪುಸ್ತಕದಲ್ಲಿ ಇರುವುದನ್ನು ಇಲ್ಲ ಅನ್ನುವವರಲ್ಲ. ಒಂದು ಅಕ್ಷರ ಬಿಡದೆ ಓದಿದರು: ಆರು ಸಭೆಯೊಳಗೆ ಸಮಿತಿ ವರದಿ ಕೊಡದಿದ್ದರೆ, ಬಹುಮತವಿದ್ದರೆ, ಸಭೆಯೇ ಅರ್ಜಿಯನ್ನು ತೀರ್ಮಾನಿಸಬಹುದು. "ಈಗ ಹನ್ನೊಂದು ಸಭೆ ಆಗಿದೆ, ಅಧ್ಯಕ್ಷರೇ," ಅಂತ ತಾವೇ ಸೇರಿಸಿದರು.

ಹೆಸರು ಕೂಗಿದರು. ಒಂದನೇ ವಾರ್ಡು ಇಲ್ಲ ಅಂದಿತು. ಎರಡನೆಯವರು ಬೇಕರಿಯ ಲೆನ್ಜ್, ಹೌದು. ನಾನು ಹೌದು. ನಾಲ್ಕು ಇಲ್ಲ. ಐದು ಹೌದು, ಆತ ರೈಲು ಕಂಪನಿಯ ಮನುಷ್ಯ, ಕೇರಿಯ ಕೂಲಿಗಳು ಜ್ವರದಲ್ಲಿ ಮಲಗಿದ್ದಾಗ ಅವನ ಕೆಲಸ ನಿಂತಿತ್ತು. ಆರು ಇಲ್ಲ. ಏಳನೆಯವನು ಮಲ್ಹರ್ನ್. ಕಿಟ್ರೆಜ್ ಅವನನ್ನೇ ನೋಡುತ್ತಿದ್ದರು. ಅವನು ಎದ್ದು ನಿಂತು, "ಹೌದು ಅಂತ ಬರಕೊಳ್ರಿ, ದಪ್ಪ ಅಕ್ಷರದಲ್ಲಿ," ಅಂದ. ಈಗ ನಾಲ್ಕಕ್ಕೆ ಮೂರು. ಒಂಬತ್ತನೆಯವರು ಅಧ್ಯಕ್ಷರೇ, ಅವರದು ಇಲ್ಲ ಅಂತ ಗೊತ್ತು. ಉಳಿದದ್ದು ಎಂಟು, ಮುದುಕ ಬ್ಯಾಲರ್ಡ್. ಆರು ತಿಂಗಳಲ್ಲಿ ಆತ ಬಾಯಿ ಬಿಟ್ಟಿದ್ದು ಆಕಳಿಸಲಿಕ್ಕೆ ಮಾತ್ರ.

ವಿಂಗೇಟ್ ಎರಡು ಸಲ ಕೂಗಿದರು. ಬ್ಯಾಲರ್ಡ್ ಕಣ್ಣು ತೆರೆದು, "ಇದು ಆ ಕೇರಿಯ ನೀರಿನ ವಿಷಯ ತಾನೆ?" ಅಂದರು. "ನನ್ನ ಅಡಿಗೆಯವಳು ಅಲ್ಲಿನವಳು. ಬೇಸಿಗೇಲಿ ಆರು ವಾರ ಮಲಗಿಬಿಟ್ಳು. ನನ್ನ ಮಗಳು ಮಾಡಿದ ಅಡಿಗೆ ತಿಂದು ನಾನು ಇನ್ನೂ ಬದುಕಿರೋದೇ ಹೆಚ್ಚು. ಹೌದು. ಹೌದು ಅಂತ ಹಾಕಿ."

ಐದಕ್ಕೆ ನಾಲ್ಕು. ಬಾವಿ ತೋಡಲು, ಪಂಪು ಕೂರಿಸಲು ಅಲ್ಲೇ ಠರಾವಾಯಿತು.

ನಾನು ಕೈ ಎತ್ತಿ ಕುಣಿಯಲಿಲ್ಲ. ನಡೆದೇ ಮನೆಗೆ ಹೋದೆ. ಆದರೆ ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ, ಬಿಳಿಯರಿಗೂ, ಟೋಪಿ ತೆಗೆಯದೆಯೇ ನಮಸ್ಕಾರ ಹೇಳಿದೆ.

ಜೋಸೀಫಸ್


ಕ್ಲೀವ್‌ಲ್ಯಾಂಡ್
ಫೆಬ್ರವರಿ 16, 1873

ತಮ್ಮಾ,

ಇದು ನನ್ನ ಕೈ. ನಾನೇ ಬರೆದೆ. ತಪ್ಪು ಇರುತ್ತೆ. ನಗಬೇಡ.

ಈ ಮೊದಲಿನ ಕಾಗದ ಯಾವುದೂ ನನ್ನ ಕೈಯದಲ್ಲ. ಚರ್ಚಿನ ಮೇಷ್ಟ್ರು ಸಿಲ್ವೇನಸ್ ಗ್ರೀರ್ ಬರೆದದ್ದು. ನನಗೆ ಓದು ಬರೆಹ ಬರುತ್ತೆ ಅಂತ ನಿನಗೆ ಸುಳ್ಳು ಹೇಳಿದ್ದೆ. ನಾಚಿಕೆ ಆಗಿತ್ತು. ಮುಕ್ತ ನಾಡಿಗೆ ಬಂದು ಹದಿನಾಲ್ಕು ವರ್ಷ. ಇಲ್ಲಿ ಬಟ್ಟೆ ಒಗೆದದ್ದೇ ಆಯಿತು. ಹಿಂದೆ ಉಳಿದ ತಮ್ಮ ಓದು ಕಲಿತ. ನಾನು ಕಲಿಯಲಿಲ್ಲ.

ನಾನು ಹೇಳುವುದು ಒಂದು. ಗ್ರೀರ್ ಬರೆಯುವುದು ಒಂದು. ಓದಿ ಹೇಳುವಾಗ ನಾನು ಹೇಳಿದ್ದನ್ನೇ ಹೇಳಿಬಿಡುತ್ತಿದ್ದ. ಹಂದಿ ಅಂತ ಕೇಳಿ ನಾನು ಬಿದ್ದು ಬಿದ್ದು ನಕ್ಕೆ. "ಅಯ್ಯೋ ಅಷ್ಟೊಂದು ಹಂದಿ ಇದೆಯಾ ಅಲ್ಲಿ ಈಗ?" ಅಂತ ಬರಿ ಅಂದೆ. ಅಷ್ಟೇ ಅಂದದ್ದು. ನಿನ್ನ ಸೆಪ್ಟೆಂಬರ್ ಕಾಗದ ಬಂದಾಗ ನೀನು ಯಾಕೆ ಕೋಪ ಮಾಡಿದ್ದೀ ಅಂತ ತಿಳಿಯಲಿಲ್ಲ. ಸಭೆ ಬಿಟ್ಟು ಹೋಗು ಅಂತ ನಾನು ಯಾವತ್ತೂ ಹೇಳಿಲ್ಲ. ಜಗ್ಗಬೇಡ ಅಂದಿದ್ದೆ.

ಈ ಸಲದ ಕಾಗದವನ್ನು ಗ್ರೀರ್ ಓದಿದ. ಓದಿ, ಇದರಲ್ಲಿ ಅಡಿಗೆಯವಳ ಮಾತು ಕಮ್ಮಾರನ ಮಾತು ಬೇಡ, ತಿದ್ದಿ ಚರ್ಚಿನಲ್ಲಿ ಓದೋಣ ಅಂದ. ತಿದ್ದುವವನು ನೀನು ಯಾರು ಅಂದೆ. ಹೊರಗೆ ಕಳಿಸಿದೆ. ನಿನ್ನ ಹಳೆಯ ಕಾಗದವೆಲ್ಲ ನೆರೆಮನೆ ಹುಡುಗಿ ಕೈಲಿ ಮತ್ತೆ ಓದಿಸಿದೆ. ನೀನು ಕೊಟ್ಟ ಉತ್ತರ ಕೇಳಿ ಗ್ರೀರ್ ಏನೇನು ಬರೆದಿದ್ದ ಅಂತ ಆಗ ಗೊತ್ತಾಯಿತು.

ಬಟ್ಟೆ ಕಾಲರಿನ ಮೇಲೆ ಗಿರಾಕಿಗಳ ಹೆಸರು ಹೊಲಿದಿರುತ್ತೆ. ಅದನ್ನು ನೋಡಿ ನೋಡಿ ಅಕ್ಷರ ಕಲಿತೆ. ಉಳಿದದ್ದು ಹುಡುಗಿ ಹೇಳಿಕೊಟ್ಟಳು. ಐದು ವಾರ ಆಯಿತು.

ಈಗ ನಿನ್ನ ಸರದಿ. ರೈಲಿನಲ್ಲಿ ಕೆಲಸ ಮಾಡುವ ಎಲ್ಡ್ರಿಜ್ ಹ್ಯಾಲ್ಬರ್ಟನ್ನಿನಲ್ಲಿ ಎರಡು ದಿನ ಇದ್ದ. ನಿನ್ನ ಅಂಗಡಿ ಬಾಗಿಲು ಹಾಕಿದೆ ಅಂದ. ಲೆಟಿ ತಲೆಗೆ ಬಟ್ಟೆ ಸುತ್ತಿದ್ದಾಳೆ, ಕೂದಲೇ ಇಲ್ಲ ಅಂದ. ನಾವೆಲ್ಲ ಕ್ಷೇಮ ಅಂತ ಬರೆದವನು ನೀನು. ಸುಳ್ಳುಗಾರ.

ಕೈ ನೋಯುತ್ತೆ. ನಿಲ್ಲಿಸಿದೆ.

ಕೆಜಾಯಾ


ಹ್ಯಾಲ್ಬರ್ಟನ್
ಮಾರ್ಚ್ 2, 1873

ಅಕ್ಕಾ,

ನಿನ್ನ ಕಾಗದವನ್ನು ಲೆಟಿಗೆ ಓದಿ ಹೇಳಿದೆ. ಅವಳು ಕಸಿದುಕೊಂಡು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ನನಗೆ ಕೊಡುತ್ತಿಲ್ಲ. ಅಷ್ಟೊಂದು ಓರೆಕೋರೆ ಅಕ್ಷರ ನಾನು ಎಲ್ಲೂ ನೋಡಿಲ್ಲ, ಅಷ್ಟು ಚೆನ್ನಾಗಿ ಮಾತಾಡುವ ಕಾಗದವನ್ನೂ ನೋಡಿಲ್ಲ. ಗ್ರೀರ್ ಮೇಷ್ಟರ ಮೇಲೆ ಆರು ತಿಂಗಳು ಉರಿದುಕೊಂಡದ್ದು ನಿನ್ನ ಹೆಸರಿನಲ್ಲಿ ಅಂತ ನೆನೆದರೆ ನಗು ಬರುತ್ತದೆ.

ಹೌದು, ಸುಳ್ಳು ಹೇಳಿದೆ.

ಬ್ಯಾಲರ್ಡ್ ಮನೆಯ ಅಡಿಗೆಯವಳು ಲೆಟಿಯೇ. ಜುಲೈ ಕೊನೆಗೆ ಜ್ವರದಲ್ಲಿ ಮಲಗಿದವಳು ಸೆಪ್ಟೆಂಬರಿನಲ್ಲಿ ಎದ್ದಳು, ಕೂದಲೆಲ್ಲ ಉದುರಿತು. ನೀರು ಕೊಡಿ ಅಂತ ಕೇಳುತ್ತಿದ್ದಳು, ಆ ಬಾವಿಯ ನೀರನ್ನೇ ನಾನು ಕೊಡಬೇಕಿತ್ತು. ಕಾಯಿಸಿ ಕೊಡುತ್ತಿದ್ದೆ. ಅರ್ಜಿ ಬರೆದದ್ದು ಅವಳ ಹಾಸಿಗೆ ಪಕ್ಕ ಕೂತು. ನನ್ನ ಹೆಂಡತಿಗಾಗಿ ಕೇಳುತ್ತಿದ್ದೇನೆ ಅಂತ ಯಾರೂ ಅನ್ನಬಾರದು ಅಂತ ಸಭೆಯಲ್ಲಿ ಅವಳ ಹೆಸರು ಎತ್ತಲಿಲ್ಲ. ನಿನಗೂ ಬರೆಯಲಿಲ್ಲ. ಸೆಪ್ಟೆಂಬರ್ ಕಾಗದದ ಹೊತ್ತಿಗೆ ಅವಳಿಗೆ ಎರಡು ಸಾಲು ಹೇಳುವಷ್ಟೂ ಶಕ್ತಿ ಇರಲಿಲ್ಲ.

ಅಂಗಡಿಯ ವಿಷಯ. ನನ್ನ ಪೀಪಾಯಿಗಳೆಲ್ಲ ಹೋಗುತ್ತಿದ್ದದ್ದು ತಂಬಾಕಿನವರಿಗೆ. ಅರ್ಜಿ ಕೊಟ್ಟ ವಾರ ಕಿಟ್ರೆಜ್ ಅಂಗಡಿಗೇ ಬಂದರು. ಸಭೆಯಲ್ಲಿ ಮಿಸ್ಟರ್, ಅಂಗಡಿಯಲ್ಲಿ ಜೋ.

"ಜೋ, ಒಳ್ಳೆ ಪೀಪಾಯಿ ಕಟ್ತೀಯಾ ನೀನು. ನಿನ್ನ ಕೈ ನಿಲ್ಲಬಾರದು. ಆ ಅರ್ಜಿ ಸ್ವಲ್ಪ ದಿನ ಮಲಗಿರಲಿ ಬಿಡು."

"ಕೇರಿಯವರು ಮಲಗಿದಾರೆ ಸ್ವಾಮಿ, ಅರ್ಜಿಯಾದರೂ ಎದ್ದಿರಲಿ."

ಅವರು ನಕ್ಕು ಹೋದರು. ಅಕ್ಟೋಬರ್ ಹೊತ್ತಿಗೆ ಊರಿನ ಒಬ್ಬ ವ್ಯಾಪಾರಿಯೂ ನನ್ನಲ್ಲಿ ಪೀಪಾಯಿ ಹೇಳಲಿಲ್ಲ. ನವೆಂಬರಿನಲ್ಲಿ ಬಾಗಿಲು ಹಾಕಿದೆ. ಈಗ ಮಲ್ಹರ್ನನ ಕುಲುಮೆಯಲ್ಲಿ ಗಾಡಿ ಚಕ್ರಕ್ಕೆ ಪಟ್ಟಿ ಹಾಕುತ್ತೇನೆ, ಮನೆಯಲ್ಲಿ ಹೆಂಗಸರಿಗೆ ಬಟ್ಟೆ ಒಗೆಯುವ ತೊಟ್ಟಿ ಮಾಡಿಕೊಡುತ್ತೇನೆ. ಹಸಿದಿಲ್ಲ.

ಯಾಕೆ ಹೇಳಲಿಲ್ಲ ಅಂದರೆ, ನೀನು ಹೆದರುತ್ತೀಯ ಅಂತಲ್ಲ. ನೀನು ಯಾವತ್ತು ಯಾವುದಕ್ಕೆ ಹೆದರಿದವಳು? ಊರಿಗೆಲ್ಲ ನನ್ನ ಹೆಸರು ಹೇಳಿಕೊಂಡು ಓಡಾಡುತ್ತಿದ್ದೀ. ಅಂಗಡಿ ಕಳಕೊಂಡ ತಮ್ಮನನ್ನು ಹೇಳಿಕೊಳ್ಳಲು ನಿನಗೆ ಕಷ್ಟ ಆಗಬಾರದು ಅಂದುಕೊಂಡೆ.

ಜೋಸೀಫಸ್

ಲೆಟಿ ಹೇಳಿ ಬರೆಸಿದ್ದು: ಅತ್ತಿಗೆ, ಕೂದಲು ಒಂದು ಬೆರಳುದ್ದ ಬಂದಿದೆ. ಗುಂಗುರು ಮೊದಲಿಗಿಂತ ಜಾಸ್ತಿ.


ಕ್ಲೀವ್‌ಲ್ಯಾಂಡ್
ಜೂನ್ 22, 1873

ತಮ್ಮಾ,

ಮಾರ್ಚಿನಿಂದ ಕಾಗದ ಇಲ್ಲ. ವರ್ಷ ವರ್ಷ ಮೇ ತಿಂಗಳು ಚುನಾವಣೆ ಅಂತ ನೀನು ಅಂದಿದ್ದೆ. ಈ ಸಲ ಗೆದ್ದಿದ್ದರೆ ಮಾರನೆ ದಿನ ಬರೆಯುತ್ತಿದ್ದೆ. ನನಗೆ ಗೊತ್ತು. ಸೋತಿದ್ದೀಯ.

ಅಂಗಡಿ ಕಳಕೊಂಡ ತಮ್ಮ ಅಂತ ಹೇಳಿಕೊಳ್ಳಲು ಕಷ್ಟವೇ? ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದ್ದೇನೆ. ಪೀಪಾಯಿ ಬೇಡ, ನೀರು ಬೇಕು ಅಂದವನು ನನ್ನ ತಮ್ಮ ಅಂತ. ಒಬ್ಬ ಸಾಹೇಬ ಕೇಳಿ ಕೇಳಿ ಸಾಕಾಗಿ ಬೇರೆ ಕಡೆ ಬಟ್ಟೆ ಹಾಕುತ್ತಾನಂತೆ. ಹಾಕಲಿ.

ಸೋತರೂ ಬರಿ. ಬೇಗ ಬರಿ.

ಕೆಜಾಯಾ


ಹ್ಯಾಲ್ಬರ್ಟನ್
ಆಗಸ್ಟ್ 5, 1873

ಅಕ್ಕಾ,

ಸೋತೆ. ಹತ್ತೊಂಬತ್ತು ಮತದಲ್ಲಿ. ಏಪ್ರಿಲ್‌ನಲ್ಲಿ ವಾರ್ಡುಗಳ ಗಡಿ ಮತ್ತೆ ಎಳೆದರು. ಹಳ್ಳದ ಆಚೆಯ ನಮ್ಮ ಎಂಬತ್ತು ಮನೆ ಕಿಟ್ರೆಜ್ ವಾರ್ಡಿಗೆ ಹೋದವು. ಗೆರೆ ಎಳೆದದ್ದು ಬಹಳ ಅಚ್ಚುಕಟ್ಟಾಗಿತ್ತು. ನಾನೂ ಒಳ್ಳೆ ಕೆಲಸಗಾರ, ಒಳ್ಳೆ ಕೆಲಸ ಕಂಡರೆ ಗುರುತಿಸುತ್ತೇನೆ. ಸಭೆಯಲ್ಲಿ ಆ ಗೆರೆ ಬೇಡ ಅಂತ ಮತ ಹಾಕಿದವರು ನಾನೂ ಸೇರಿ ಮೂರೇ ಜನ.

ಆದರೆ ಗಡಿ ಎಳೆಯುವ ಮೊದಲೇ ಬಾವಿಯಲ್ಲಿ ನೀರು ಬಿದ್ದಿತ್ತು. ನಲವತ್ತೊಂದು ಅಡಿಗೆ ಬಂಡೆ, ಬಂಡೆ ಒಡೆದ ಮೇಲೆ ತಣ್ಣಗಿನ ನೀರು. ಪಂಪಿನ ಹಿಡಿ ಮಲ್ಹರ್ನ್ ತಾನೇ ಬಡಿದು ಕೊಟ್ಟ. ಕೇರಿಯವರೆಲ್ಲ ಸೇರಿದ್ದರು. ಯಾರು ಮೊದಲು ಒತ್ತಬೇಕು ಅಂತ ಗದ್ದಲ ಆಗಿ, ಕೊನೆಗೆ ಕಳೆದ ವರ್ಷ ಇಬ್ಬರು ಮಕ್ಕಳನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ಮುಂದೆ ಬಿಟ್ಟರು. ಅವಳು ಒತ್ತಿದಳು, ಒತ್ತುತ್ತಲೇ ಇದ್ದಳು, ಬಿಡಿಸಬೇಕಾಯಿತು. ಈ ಬೇಸಿಗೆ ಇಲ್ಲಿಯವರೆಗೆ ಕೇರಿಯಲ್ಲಿ ಜ್ವರಕ್ಕೆ ಒಬ್ಬರೂ ಹೋಗಿಲ್ಲ. ಆಗಸ್ಟ್ ಬಂದರೂ ಇಲ್ಲ.

ಬರೆಯದೆ ಇದ್ದದ್ದು ಸೋತದ್ದಕ್ಕೆ ಮಾತ್ರ ಅಲ್ಲ. ಹೊಸ ಸಭೆ ಶುರುವಾದ ಕೂಡಲೇ ಒಂದು ಮಾತು ಹಬ್ಬಿತು. ಪಂಪು ತಗ್ಗುಕೇರಿಯಲ್ಲಿ ದಂಡ, ಅದನ್ನು ಕಿತ್ತು ತಂಬಾಕಿನ ಗೋದಾಮಿನ ಅಂಗಳಕ್ಕೆ ಹಾಕಿದರೆ ಬೆಂಕಿ ಬಿದ್ದಾಗ ಉಪಯೋಗಕ್ಕೆ ಬರುತ್ತದೆ ಅಂತ. ಸೂಚನೆ ತಂದವನು ನನ್ನ ಜಾಗಕ್ಕೆ ಬಂದ ಹೊಸ ಸದಸ್ಯನೇ. ಅದು ಏನಾಗುತ್ತದೋ ನೋಡದೆ ನಿನಗೆ ಬರೆಯಲು ಕೈ ಬರಲಿಲ್ಲ.

ನಿನ್ನೆ ಸಭೆ ಇತ್ತು. ಸಂಜೆ ನಾಲ್ಕಕ್ಕೆ. ನಾನು ಜನ ಕೂರುವ ಹಿಂದಿನ ಬೆಂಚಿನಲ್ಲಿ ಮೂಲೆ ಹಿಡಿದೆ. ಏನಾದರೂ ಹೇಳಬೇಕು ಅಂತ ಮನೆಯಿಂದ ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಸದಸ್ಯರಲ್ಲದವರು ಮಾತಾಡುವಂತಿಲ್ಲ ಅಂತ ಗೊತ್ತಿದ್ದೂ.

ನಾಲ್ಕಾಗಲು ಐದು ನಿಮಿಷ ಇರುವಾಗ ಬಾಗಿಲು ತೆರೆದುಕೊಂಡಿತು. ಲೆಟಿ ಬಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಅಕ್ಕಾ, ಅರವತ್ತೆರಡು ಹೆಂಗಸರು. ಬಿಳಿ ಏಪ್ರನ್ನು ಬಿಚ್ಚದೆ, ಒಲೆ ಮುಂದಿನಿಂದ ಎದ್ದು ಬಂದವರು. ಬೆಂಚು ಸಾಲದೆ ಗೋಡೆಗುಂಟ ನಿಂತರು. ಈ ಊರಿನ ದೊಡ್ಡ ಮನೆಗಳಲ್ಲಿ ಅಡಿಗೆ ಮಾಡುವ ಹೆಂಗಸರೆಲ್ಲ ತಗ್ಗುಕೇರಿಯವರೇ. ಸದಸ್ಯರು ತಿರುಗಿ ನೋಡಿ ಒಬ್ಬೊಬ್ಬರೇ ತಮ್ಮ ತಮ್ಮ ಮನೆಯ ಅಡಿಗೆಯವಳನ್ನು ಗುರುತು ಹಿಡಿದರು. ಕಿಟ್ರೆಜ್ ಮನೆಯ ಅಡಿಗೆಯವಳು ಅವರ ಎದುರಿಗೇ ಕೂತು ಕೈ ಕಟ್ಟಿಕೊಂಡಳು. ಯಾರೂ ನನಗೆ ಒಂದು ಮಾತೂ ಹೇಳಿರಲಿಲ್ಲ. ಲೆಟಿಯೂ ಹೇಳಿರಲಿಲ್ಲ.

ಬ್ಯಾಲರ್ಡ್ ಪೂರ್ತಿ ಎಚ್ಚರವಾದರು. "ಲೆಟಿ, ಇವತ್ತು ಊಟ?"

"ನೀರಿನ ವಿಷಯ ತೀರ್ಮಾನ ಆದ ಮೇಲೆ, ಸ್ವಾಮಿ."

ಕಿಟ್ರೆಜ್ ಸುತ್ತಿಗೆ ಬಡಿದರು. "ಹಿಂದೆ ಕೂತವರು ಮಾತಾಡಬಾರದು!"

"ನಾವು ಮಾತಾಡೋಕೆ ಬಂದಿಲ್ಲ ಸ್ವಾಮಿ," ಅಂದಳು ಲೆಟಿ. "ಕೇಳೋಕೆ ಬಂದಿದೀವಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಕೂತಿರ್ತೀವಿ."

ಹೊಸ ಸದಸ್ಯ ಎದ್ದ. ಕೂತ. ಮತ್ತೆ ಎದ್ದ. ಗೋದಾಮು, ಬೆಂಕಿ ಅಂತ ಏನೋ ನಾಲ್ಕು ಮಾತು ಹೇಳಿದ. ಮಲ್ಹರ್ನ್ ಜೋರಾಗಿ, "ನಿಮ್ಮ ಮನೇಲಿ ಇವತ್ತು ಒಲೆ ಹಚ್ಚಿದಾರೇನ್ರೀ?" ಅಂತ ಕೇಳಿದ. ಕಡೆಗೆ ಆತ, ಈ ಸೂಚನೆಯನ್ನು ಸದ್ಯಕ್ಕೆ... ಅಂತ ಗೊಣಗಿ ಕಾಗದ ಮಡಿಸಿದ. ಕಿಟ್ರೆಜ್ ಅವಸರದಲ್ಲಿ ಮುಂದಿನ ವಿಷಯ ಅಂದರು.

ಲೆಟಿ ಎದ್ದು ನಿಂತಳು.

"ಸ್ವಾಮಿ, ಅವರು ಸೂಚನೆ ವಾಪಸ್ ತಗೊಂಡ್ರೋ, ಮುಂದಕ್ಕೆ ಹಾಕಿದ್ರೋ? ಎರಡೂ ಒಂದೇ ಅಲ್ಲ. ಮುಂದಕ್ಕೆ ಹಾಕಿದ್ದು ಮತ್ತೆ ಬರತ್ತೆ."

ಎರಡರ ನಡುವಿನ ವ್ಯತ್ಯಾಸ ಇರುವುದು ಇಪ್ಪತ್ನಾಲ್ಕನೇ ನಿಯಮದಲ್ಲಿ. ನಾನು ಮೇಜಿನ ಮುಂದೆ ಕೂತು ಬಾಯಿಪಾಠ ಮಾಡುವಾಗ ಅವಳು ಜ್ವರದಿಂದ ಎದ್ದು ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

ಕಿಟ್ರೆಜ್ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಗುಮಾಸ್ತ ವಿಂಗೇಟ್ ಲೇಖನಿ ಎತ್ತಿ, "ನಡಾವಳಿ ಪುಸ್ತಕದಲ್ಲಿ ಏನಂತ ಬರೆಯಲಿ, ಅಧ್ಯಕ್ಷರೇ? ಅದು ನನಗೂ ತಿಳಿಯಬೇಕು," ಅಂದರು.

ಹೊಸ ಸದಸ್ಯ ನೆಲ ನೋಡುತ್ತ, "ವಾಪಸ್," ಅಂದ.

ವಿಂಗೇಟ್ ಬರೆದುಕೊಂಡರು. ಲೇಖನಿ ಕೊರೆಯುವ ಸದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತು. ಲೆಟಿ ಬರೆದು ಮುಗಿಯುವವರೆಗೆ ನಿಂತಿದ್ದು, ತಲೆಯ ಬಟ್ಟೆ ಸರಿಮಾಡಿಕೊಂಡು ಹೊರಗೆ ನಡೆದಳು. ಅರವತ್ತೊಂದು ಹೆಂಗಸರು ಅವಳ ಹಿಂದೆ ಹೋದರು.

ನಾನು ಬಾಯಿಪಾಠ ಮಾಡಿದ್ದೆಲ್ಲ ಬಾಯಲ್ಲೇ ಉಳಿಯಿತು. ಯಾರೂ ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೇ ಬೀಳಲಿಲ್ಲ. ಅಕ್ಕಾ, ಒಂದು ವರ್ಷ ಆ ಸಭೆಯ ಕುರ್ಚಿಯ ಮೇಲೆ ಕೂತಿದ್ದೆನಲ್ಲ, ಒಂದು ದಿನವೂ ನಿನ್ನೆ ಆ ಮೂಲೆಯಲ್ಲಿ ಕೂತಷ್ಟು ಎದೆಯುಬ್ಬಿಸಿ ಕೂತಿರಲಿಲ್ಲ.

ನಿನ್ನ ತಮ್ಮ,
ಜೋಸೀಫಸ್ ಟಾರ್ಪ್ಲಿ